ಸ್ಪೇನಿನ ಪಾದ್ರಿ, ವಿಜಯನಗರದ ಇತಿಹಾಸಕಾರ



ವಿಜಯನಗರ ಸಾಮ್ರಾಜ್ಯ ಎಂದು ಹುಟ್ಟಿತು, ಎಂದು ಅಳಿಯಿತು ಎಂದು ಕೇಳಿದರೆ ಶಾಲೆಗೆ ಹೋಗುವ ಯಾವ ಹುಡುಗನಾದರೂ ಥಟ್ಟನೆ ಉತ್ತರ ಹೇಳುತ್ತಾನೆ. 1336ರಲ್ಲಿ ವಿದ್ಯಾರಣ್ಯರ ಆಶೀರ್ವಾದದಿಂದ ಹಕ್ಕ-ಬುಕ್ಕರು ಕಟ್ಟಿದರು. 1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ಅದು ಹಾಳಾಯಿತು. ಎರಡು ಇಸವಿಗಳು, ನಡುವೆ ಒಬ್ಬ ಕೃಷ್ಣದೇವರಾಯ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಎರಡು ಇಸವಿಗಳನ್ನೂ ಹಿಡಿದು ಅಲ್ಲಾಡಿಸಿದವರು ಒಬ್ಬರಿದ್ದರು. ಅವರು ಕನ್ನಡಿಗರಲ್ಲ, ಭಾರತದಲ್ಲಿ ಹುಟ್ಟಿದವರೂ ಅಲ್ಲ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಹುಟ್ಟಿ, ಕ್ರೈಸ್ತ ಪಾದ್ರಿಯಾಗಿ ಮುಂಬಯಿಗೆ ಬಂದು, ಇಲ್ಲಿಯೇ ಮಣ್ಣಾದ ಫಾದರ್ ಹೆನ್ರಿ ಹೆರಾಸ್.

ಅವರ ಹೆಸರು ಇಂದು ಇತಿಹಾಸದ ವಿದ್ಯಾರ್ಥಿಗಳಿಗೆ ಬಿಟ್ಟರೆ ಹೆಚ್ಚಿನವರಿಗೆ ಗೊತ್ತಿಲ್ಲ. 1981ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು. ಆಮೇಲೆ ಅವರ ಮಾತು ಸಾರ್ವಜನಿಕವಾಗಿ ಬಂದದ್ದು ಕಡಿಮೆ. ಆದರೆ ಕದಂಬರು, ಹೊಯ್ಸಳರು, ವಿಜಯನಗರದ ಅರಸರು, ಇಕ್ಕೇರಿಯ ನಾಯಕರು ಎಂದು ಕನ್ನಡ ನಾಡಿನ ಇತಿಹಾಸದ ಯಾವ ಬಾಗಿಲನ್ನು ತಟ್ಟಿದರೂ ಒಳಗೆ ಈ ಪಾದ್ರಿಯ ಅಥವಾ ಅವರ ಶಿಷ್ಯರ ಕೆಲಸ ಕಾಣಸಿಗುತ್ತದೆ.

ಹೆರಾಸ್ ಹುಟ್ಟಿದ್ದು 1888ರಲ್ಲಿ. ಎಳೆಯ ವಯಸ್ಸಿನಲ್ಲೇ ಜೆಸ್ವಿಟ್ ಸಂಘ ಸೇರಿದರು. ಜೆಸ್ವಿಟರೆಂದರೆ ಓದು, ಬೋಧನೆ, ಪ್ರಯಾಣ ಈ ಮೂರನ್ನೂ ವ್ರತದಂತೆ ಹಿಡಿದ ಪಾದ್ರಿಗಳು. ಸಂಘ ಹೋಗೆಂದ ಕಡೆ ಗಂಟುಮೂಟೆ ಕಟ್ಟಬೇಕು. ಅವರನ್ನು ಮುಂಬಯಿಗೆ ತಂದದ್ದು ಒಂದು ಮಹಾಯುದ್ಧ. ಮೊದಲು ಮುಂಬಯಿಯ ಜೆಸ್ವಿಟ್ ಮಿಷನ್ ಜರ್ಮನ್ ಪಾದ್ರಿಗಳ ಕೈಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಬ್ರಿಟನ್ನಿನ ಶತ್ರುವಾಯಿತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಯುದ್ಧ ಮುಗಿದ ಮೇಲೆ ಆ ಜಾಗ ತುಂಬುವ ಹೊಣೆ ಸ್ಪೇನಿನ ಜೆಸ್ವಿಟರಿಗೆ ಬಂತು. ಹಾಗೆ 1922ರ ನವೆಂಬರಿನಲ್ಲಿ ಮೂವತ್ತನಾಲ್ಕು ವರ್ಷದ ಹೆರಾಸ್ ಮುಂಬಯಿ ಬಂದರಿನಲ್ಲಿ ಇಳಿದರು.

ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅವರು ಸೇರಿದ ದಿನದ ಬಗ್ಗೆ ಒಂದು ಮಾತು ಪ್ರಚಲಿತವಾಗಿದೆ. ಯಾವ ಇತಿಹಾಸ ಪಾಠ ಮಾಡುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದರಂತೆ. ಯಾವುದನ್ನು ಮಾಡಬಾರದು ಎಂದು ಹೆರಾಸ್ ಮರುಪ್ರಶ್ನೆ ಹಾಕಿದರಂತೆ. ಇಷ್ಟು ಬೇಗ ಭಾರತದ ಇತಿಹಾಸಕ್ಕೆ ಕೈ ಹಾಕುವುದು ಬೇಡ ಎಂಬರ್ಥದ ಉತ್ತರ ಬಂತು. ಹಾಗಾದರೆ ಅದನ್ನೇ ಮಾಡುತ್ತೇನೆ ಎಂದರಂತೆ ಹೊಸ ಮೇಷ್ಟ್ರು. ಮಾತು ಹೀಗೆಯೇ ನಡೆಯಿತೋ ಇಲ್ಲವೋ, ಆಮೇಲೆ ನಡೆದದ್ದಂತೂ ದಾಖಲೆಯಲ್ಲಿದೆ. ಬಂದ ನಾಲ್ಕು ವರ್ಷಕ್ಕೆ, 1926ರಲ್ಲಿ, ಅವರು ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಭಾರತದ ವಿದ್ಯಾರ್ಥಿಗಳಿಗಾಗಿ ಇತಿಹಾಸ ಬರೆಯುವ ಕ್ರಮದ ಬಗ್ಗೆ ಒಂದು ಕೈಪಿಡಿ ಬರೆದರು. ಮರುವರ್ಷವೇ ವಿಜಯನಗರದ ಅರವೀಡು ವಂಶದ ಮೇಲಿನ ದೊಡ್ಡ ಗ್ರಂಥ ಹೊರಬಂತು.

ಈ ಗ್ರಂಥ ಏಕೆ ಮುಖ್ಯ ಎಂಬುದನ್ನು ತಿಳಿಯಲು ಅಂದಿನ ಸ್ಥಿತಿಯನ್ನು ನೆನೆಯಬೇಕು. ರಾಬರ್ಟ್ ಸೆವೆಲ್ ಎಂಬ ಬ್ರಿಟಿಷ್ ಅಧಿಕಾರಿ 1900ರಲ್ಲಿ ವಿಜಯನಗರದ ಬಗ್ಗೆ ಪುಸ್ತಕ ಬರೆದು ಅದನ್ನು ಮರೆತುಹೋದ ಸಾಮ್ರಾಜ್ಯ ಎಂದು ಕರೆದಿದ್ದರು. ಪೋರ್ಚುಗೀಸ್ ಪ್ರವಾಸಿಗಳಾದ ಪಾಯೆಸ್ ಮತ್ತು ನೂನಿಜ್‌ರ ಬರಹಗಳು ಇಂಗ್ಲಿಷಿಗೆ ಬಂದದ್ದು ಆ ಪುಸ್ತಕದಿಂದಲೇ. ಓದಿದವರ ಮನಸ್ಸಿನಲ್ಲಿ ಉಳಿದದ್ದು ಹಂಪಿಯ ವೈಭವ, ಆಮೇಲೆ ಹಂಪಿಯ ಹಾಳು. 1565ರ ನಂತರ ಏನಾಯಿತು ಎಂಬುದು ಮಸುಕಾಗಿಯೇ ಇತ್ತು. ಊರು ಹಾಳಾದದ್ದನ್ನೇ ರಾಜ್ಯ ಹಾಳಾದದ್ದು ಎಂದು ತಿಳಿಯುವುದು ಸುಲಭ.

ಹೆರಾಸ್ ಹೇಳಿದ್ದು ಹಾಗಲ್ಲ. ಕೃಷ್ಣಾ ತೀರದ ಆ ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ. ರಾಜಧಾನಿ ಲೂಟಿಯಾಯಿತು. ಆದರೆ ಅವನ ತಮ್ಮ ತಿರುಮಲ ಪೆನುಕೊಂಡೆಗೆ ಹೋಗಿ ಅಲ್ಲಿಂದ ರಾಜ್ಯವಾಳಿದ. ಅವನ ವಂಶವೇ ಅರವೀಡು. ರಾಜಧಾನಿ ಪೆನುಕೊಂಡೆಯಿಂದ ಚಂದ್ರಗಿರಿಗೆ, ಮುಂದೆ ವೇಲೂರಿಗೆ ಸರಿಯಿತು. 1586ರಿಂದ 1614ರವರೆಗೆ ಆಳಿದ ಇಮ್ಮಡಿ ವೆಂಕಟಪತಿರಾಯ ಸಾಮಾನ್ಯ ಅರಸನಲ್ಲ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದದ್ದು ಇವನ ಪ್ರತಿನಿಧಿ ತಿರುಮಲನ ಕೈಯಿಂದ. ಅಂದರೆ ಮೈಸೂರು ಸಂಸ್ಥಾನ ತಲೆಯೆತ್ತಿದ್ದು ಬರಿದಾದ ನೆಲದ ಮೇಲಲ್ಲ, ಇನ್ನೂ ಉಸಿರಾಡುತ್ತಿದ್ದ ಒಂದು ಸಾಮ್ರಾಜ್ಯದ ಮಗ್ಗುಲಲ್ಲಿ. ಇಕ್ಕೇರಿಯ ವೆಂಕಟಪ್ಪ ನಾಯಕ ಬೆಳೆದದ್ದೂ ಇದೇ ಕಾಲದಲ್ಲಿ. ಅವನ ಯುದ್ಧಗಳ ಮೇಲೂ ಹೆರಾಸ್ ಪ್ರತ್ಯೇಕ ಲೇಖನ ಬರೆದರು. 1565ಕ್ಕೆ ಪುಸ್ತಕ ಮುಚ್ಚಿಬಿಟ್ಟರೆ ಈ ಯಾವುದೂ ಅರ್ಥವಾಗುವುದಿಲ್ಲ.

ಯುದ್ಧದ ಹೆಸರಿನ ವಿಷಯವೂ ಹೀಗೆಯೇ. ತಾಳಿಕೋಟೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ತಾಳಿಕೋಟೆ ಸುಲ್ತಾನರ ಸೈನ್ಯಗಳು ಸೇರಿದ ಊರು. ಕಾದಾಟ ನಡೆದದ್ದು ಅಲ್ಲಲ್ಲ. ಹೆರಾಸ್ ತಮ್ಮ ಗ್ರಂಥದಲ್ಲಿ ಕೃಷ್ಣೆಯ ದಡದ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರನ್ನು ಜೋಡಿಸಿ ಆ ಯುದ್ಧವನ್ನು ಕರೆದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇಂದು ಕಾಣುವ ‘ರಕ್ಕಸತಂಗಡಿ’ಯ ಹಿಂದೆ ಈ ಚರ್ಚೆ ಇದೆ. ನಿಖರವಾದ ಜಾಗದ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಅವರಿಗೆ ಸಿಕ್ಕಿದ್ದು ಎಲ್ಲಿಂದ? ಶಾಸನಗಳು ಎಲ್ಲರಿಗೂ ಇದ್ದವು. ಪರ್ಷಿಯನ್ ಇತಿಹಾಸಗಳು, ತೆಲುಗು ಕಾವ್ಯಗಳೂ ಇದ್ದವು. ಹೆರಾಸ್‌ಗೆ ಹೆಚ್ಚಾಗಿ ದಕ್ಕಿದ್ದು ಜೆಸ್ವಿಟ್ ಪತ್ರಗಳು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಭಾರತಕ್ಕೆ ಬಂದ ಪಾದ್ರಿಗಳು ಪ್ರತಿ ವರ್ಷ ಯುರೋಪಿಗೆ ವರದಿ ಕಳಿಸಬೇಕಿತ್ತು. 1598ರಲ್ಲಿ ಅವರು ಚಂದ್ರಗಿರಿಯ ಆಸ್ಥಾನಕ್ಕೆ ಹೋಗಿ ವೆಂಕಟಪತಿರಾಯನನ್ನು ಕಂಡರು. ಅರಸ ಹೇಗಿದ್ದ, ಯಾರು ಬಲವಂತರು, ಯಾವ ನಾಯಕ ಕಪ್ಪ ಕೊಡದೆ ಸತಾಯಿಸುತ್ತಿದ್ದ ಎಂಬುದೆಲ್ಲ ಆ ಪತ್ರಗಳಲ್ಲಿ ದಾಖಲಾಯಿತು. ವೆಂಕಟಪತಿ ಸತ್ತ ಮೇಲೆ ನಡೆದ ಅರಮನೆಯ ಕೊಲೆಗಳ ಕಥೆ ಬಾರಾದಸ್ ಎಂಬ ಪಾದ್ರಿ 1616ರಲ್ಲಿ ಬರೆದ ಪತ್ರದಲ್ಲಿದೆ. ಇಡೀ ರಾಜಕುಟುಂಬ ಸೆರೆಯಲ್ಲಿದ್ದಾಗ ಒಬ್ಬ ಅಗಸ ಬಟ್ಟೆಯ ಗಂಟಿನಲ್ಲಿ ಎಳೆಯ ರಾಜಕುಮಾರನನ್ನು ಅಡಗಿಸಿ ಹೊರಗೆ ತಂದ ಸಂಗತಿ ನಮಗೆ ತಿಳಿದದ್ದು ಅದರಿಂದ. ಪೋರ್ಚುಗೀಸ್, ಸ್ಪ್ಯಾನಿಷ್, ಲ್ಯಾಟಿನ್ ಭಾಷೆಗಳು ಓದಲು ಬಂದದ್ದು, ಗೋವೆಯ ಹಳೆಯ ಕಡತಗಳ ನಡುವೆ ಕೂರುವ ತಾಳ್ಮೆ ಇದ್ದದ್ದು ಹೆರಾಸ್‌ಗೆ ಅನುಕೂಲವಾಯಿತು. ಗ್ರಂಥದ ಮೊದಲ ಸಂಪುಟ 1614ಕ್ಕೆ ನಿಲ್ಲುತ್ತದೆ. ಎರಡನೆಯದು ಹೊರಬರಲೇ ಇಲ್ಲ.

ಸಾಮ್ರಾಜ್ಯದ ಕೊನೆಯನ್ನು ಮುಂದೂಡಿದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲ. ಬಿರುಗಾಳಿ ಎದ್ದದ್ದು ಅವರು ಆರಂಭಕ್ಕೆ ಕೈ ಹಾಕಿದಾಗ. 1929ರಲ್ಲಿ ವಿಜಯನಗರದ ಆರಂಭದ ಬಗ್ಗೆ ಅವರ ಸಣ್ಣ ಪುಸ್ತಕ ಬಂತು. ಅದರಲ್ಲಿ ಎರಡು ವಾದಗಳಿದ್ದವು.

ಮೊದಲನೆಯದು: ನಗರವನ್ನು ಕಟ್ಟಿಸಿದವರು ವಿದ್ಯಾರಣ್ಯರು ಎಂಬ ಕಥೆ ಆ ಕಾಲದ್ದಲ್ಲ. 1336ರ ತೇದಿ ಹೊತ್ತು ವಿದ್ಯಾರಣ್ಯರನ್ನು ಕೊಂಡಾಡುವ ತಾಮ್ರಶಾಸನಗಳು ಬಹಳ ಹಿಂದಿನವೆಂದು ತೋರಿಸಿಕೊಂಡರೂ ಬಹಳ ಈಚಿನವು. ಹದಿನಾರನೆಯ ಶತಮಾನದಲ್ಲಿ ಮಠದ ವಲಯದಲ್ಲಿ ಅವು ಹುಟ್ಟಿದವು ಎಂದು ಹೆರಾಸ್ ವಾದಿಸಿದರು. ಎರಡನೆಯದು: ಆ ಊರಿನ ನಿಜವಾದ ಸ್ಥಾಪಕ ಹೊಯ್ಸಳ ಮೂರನೆಯ ಬಲ್ಲಾಳ. ಉತ್ತರದಿಂದ ಬರುತ್ತಿದ್ದ ದಂಡುಗಳನ್ನು ತಡೆಯಲು ತುಂಗಭದ್ರೆಯ ದಡದಲ್ಲಿ ಅವನು ಬಲಪಡಿಸಿದ ಠಾಣ್ಯವೇ ಮುಂದೆ ವಿಜಯನಗರವಾಯಿತು. ಸಂಗಮನ ಮಕ್ಕಳು ಅವನ ಕೈಕೆಳಗೆ ಬೆಳೆದವರು.

ಬಲ್ಲಾಳನ ಕಾಲವನ್ನು ನೋಡಿದರೆ ಈ ವಾದ ಹುಟ್ಟಿದ ಬಗೆ ತಿಳಿಯುತ್ತದೆ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದ. 1327ರ ಹೊತ್ತಿಗೆ ಮಹಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿಯನ್ನು ಮುಗಿಸಿತು. ದಕ್ಷಿಣದಲ್ಲಿ ಮಧುರೆಯ ಸುಲ್ತಾನರು ಎದ್ದರು. ಮುದಿವಯಸ್ಸಿನ ಬಲ್ಲಾಳ ತಿರುವಣ್ಣಾಮಲೆಯಲ್ಲಿ ನೆಲೆ ಮಾಡಿಕೊಂಡು ಎರಡೂ ಕಡೆ ಕಾದಾಡಿದ. 1342ರ ಸುಮಾರಿಗೆ ಮಧುರೆಯ ಸುಲ್ತಾನನಿಗೆ ಸೆರೆ ಸಿಕ್ಕ. ಅವನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದರು. ಅದನ್ನು ಕಣ್ಣಾರೆ ಕಂಡದ್ದಾಗಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಕೆಲವೇ ವರ್ಷಗಳಲ್ಲಿ ಹೊಯ್ಸಳರ ಹೆಸರು ಅಳಿಯುತ್ತದೆ, ಅದೇ ನೆಲದಲ್ಲಿ ಸಂಗಮರ ಹೆಸರು ಕೇಳಿಬರುತ್ತದೆ. 1346ರಲ್ಲಿ ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಯಲ್ಲಿ ಸೇರಿ ಮಠಕ್ಕೆ ದಾನ ಕೊಡುತ್ತಾರೆ. ಗಮನಿಸಬೇಕಾದ್ದೆಂದರೆ, ಆ ಶಾಸನದಲ್ಲಿ ಗೌರವ ಪಡೆದ ಗುರು ಭಾರತೀತೀರ್ಥರು. ವಿದ್ಯಾರಣ್ಯರು ಮಠದ ಮುಖ್ಯಸ್ಥರಾಗಿ ಕಾಣಿಸಿಕೊಳ್ಳುವುದು 1375ರ ಆಸುಪಾಸಿನಲ್ಲಿ. ಅವರು ತೀರಿಕೊಂಡದ್ದು 1386ರಲ್ಲಿ.

ಈಗ ಅಂದಿನ ಕನ್ನಡಿಗನ ಸ್ಥಾನದಲ್ಲಿ ನಿಂತು ಯೋಚಿಸಿ. ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಏಕೀಕರಣದ ಕನಸು ಕಾಣುತ್ತಿದ್ದವರಿಗೆ ವಿಜಯನಗರವೇ ದೊಡ್ಡ ಆಸರೆ. ಆಲೂರು ವೆಂಕಟರಾಯರು ವಿದ್ಯಾರಣ್ಯರ ಚರಿತ್ರೆಯನ್ನು ಬರೆದು, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದಿದ್ದರು. ಸನ್ಯಾಸಿಯೊಬ್ಬರು ನಾಡು ಕಟ್ಟಿದರು ಎಂಬ ಚಿತ್ರ ಜನರ ಎದೆಯಲ್ಲಿ ನಿಂತಿತ್ತು. ಆಗ ಒಬ್ಬ ವಿದೇಶಿ ಪಾದ್ರಿ ಬಂದು ಆ ಶಾಸನಗಳು ಖೊಟ್ಟಿ ಎನ್ನುತ್ತಾರೆ. ಅದೇ ಪಾದ್ರಿ, ವಿಜಯನಗರದ ಬೇರು ಹೊಯ್ಸಳರಲ್ಲಿದೆ, ಕನ್ನಡ ನೆಲದಲ್ಲಿದೆ ಎಂದೂ ಹೇಳುತ್ತಾರೆ. ಒಂದು ಮಾತು ಕಹಿ, ಇನ್ನೊಂದು ಸಿಹಿ.

ನಡೆದದ್ದೂ ಹಾಗೆಯೇ. ಅನೇಕರು ಸಿಹಿಯನ್ನು ತೆಗೆದುಕೊಂಡು ಕಹಿಯನ್ನು ತಳ್ಳಿದರು. ಇತ್ತ ಎನ್. ವೆಂಕಟರಮಣಯ್ಯ 1933ರಲ್ಲಿ ಹೊಯ್ಸಳ ಮೂಲದ ವಾದವನ್ನು ಎದುರಿಸಿ ಬರೆದರು. ಸಂಗಮನ ಮಕ್ಕಳು ಮೊದಲು ವಾರಂಗಲ್ಲಿನ ಕಾಕತೀಯರ ಸೇವೆಯಲ್ಲಿದ್ದರು, ಆಮೇಲೆ ಕಂಪಿಲಿಗೆ ಬಂದರು, ಸೆರೆಯಾಗಿ ದೆಹಲಿಗೆ ಹೋಗಿ ಮರಳಿದರು ಎಂಬುದು ಆ ಪಕ್ಷದ ಕಥೆ. ವಿಜಯನಗರ ಕನ್ನಡಿಗರದೋ ತೆಲುಗರದೋ ಎಂಬ ಜಗಳ ದಶಕಗಳ ಕಾಲ ನಡೆಯಿತು. ಆ ಗದ್ದಲದಲ್ಲಿ ಹೆರಾಸ್ ಎತ್ತಿದ ಮೂಲ ಪ್ರಶ್ನೆ ಹಿಂದೆ ಸರಿಯಿತು. ಒಂದು ಶಾಸನ ತನ್ನ ಮೇಲೆ ಬರೆದುಕೊಂಡ ಇಸವಿಯನ್ನು ನಾವು ಸುಮ್ಮನೆ ನಂಬಬೇಕೆ? ಅದರ ಲಿಪಿ, ಭಾಷೆ, ಅದು ಹೆಸರಿಸುವ ಜನ ಆ ಇಸವಿಗೆ ಹೊಂದುತ್ತಾರೆಯೆ? ಅದರಿಂದ ಯಾರಿಗೆ ಲಾಭವಿತ್ತು?

ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಕಥೆಯನ್ನೇ ನೋಡಿ. ಅದನ್ನು ನೂನಿಜ್ ಬರೆದದ್ದು 1535ರ ಸುಮಾರಿಗೆ, ನಗರ ಹುಟ್ಟಿದ ಇನ್ನೂರು ವರ್ಷಗಳ ಮೇಲೆ. ಇದೇ ಕಥೆಯನ್ನು 1411ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಬಗ್ಗೆ ಗುಜರಾತಿನಲ್ಲೂ ಹೇಳುತ್ತಾರೆ. ಕಥೆ ಸುಳ್ಳು ಎಂದು ಬಿಸಾಡಬೇಕಿಲ್ಲ. ತಮ್ಮ ಊರಿನ ಬಗ್ಗೆ ಜನ ಏನನ್ನು ನಂಬಲು ಬಯಸಿದರು ಎಂಬುದಕ್ಕೆ ಅದು ಸಾಕ್ಷಿ. ಊರು ಹೇಗೆ ಹುಟ್ಟಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹೆರಾಸ್ ವಾದ ಎಷ್ಟು ಉಳಿಯಿತು? ಬಲ್ಲಾಳನೇ ನಗರ ಕಟ್ಟಿದ ಎಂಬುದನ್ನು ಇಂದು ಎಲ್ಲರೂ ಒಪ್ಪುವುದಿಲ್ಲ. ಆದರೆ 1985ರಲ್ಲಿ ಜರ್ಮನಿಯ ಇತಿಹಾಸಕಾರ ಹೆರ್ಮನ್ ಕುಲ್ಕೆ ಶೃಂಗೇರಿ ಮತ್ತು ಆದಿ ವಿಜಯನಗರದ ಸಂಬಂಧವನ್ನು ಮತ್ತೆ ಪರಿಶೀಲಿಸಿದರು. ವಿದ್ಯಾರಣ್ಯರು ನಗರ ಸ್ಥಾಪಿಸಿದರು ಎಂಬ ಕಥೆ ಈಚಿನದು ಎಂಬಲ್ಲಿ ಅವರು ಹೆರಾಸ್ ಜೊತೆಗೇ ನಿಂತರು. ಹಾಗೆಂದು ಮಠಕ್ಕೂ ಅರಸರಿಗೂ ಸಂಬಂಧವಿರಲಿಲ್ಲ ಎಂದಲ್ಲ. 1346ರ ದಾನವೇ ಆ ಸಂಬಂಧ ಎಷ್ಟು ಹಳೆಯದೆಂದು ಹೇಳುತ್ತದೆ. ವಿದ್ಯಾರಣ್ಯರ ಪಾಂಡಿತ್ಯಕ್ಕೂ ಇದರಿಂದ ಕುಂದಿಲ್ಲ. ಅವರ ದೊಡ್ಡತನಕ್ಕೆ ಖೊಟ್ಟಿ ತಾಮ್ರಪಟದ ಆಸರೆ ಬೇಕಿರಲಿಲ್ಲ, ಅಷ್ಟೆ.

ಮಠದ ದಾಖಲೆಯನ್ನು ಇಷ್ಟು ಕಟುವಾಗಿ ಪರೀಕ್ಷಿಸಿದ ಪಾದ್ರಿ ತಮ್ಮ ಸಂಘದ ವಿಷಯದಲ್ಲಿ ಅಷ್ಟೇ ಕಟುವಾಗಿದ್ದರೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಭಾರತದಲ್ಲಿ ಜೆಸ್ವಿಟರ ಮತಾಂತರದ ನೀತಿಯ ಬಗ್ಗೆ 1933ರಲ್ಲಿ ಅವರು ಬರೆದ ಪುಸ್ತಕದಲ್ಲಿ ಸಂಘವನ್ನು ಸಮರ್ಥಿಸುವ ದನಿಯೇ ಮುಂದಿದೆ. ಇತಿಹಾಸಕಾರನೂ ಎಲ್ಲೋ ಒಂದು ಕಡೆ ನಿಂತೇ ನೋಡುತ್ತಾನೆ. ಅವನು ಕಲಿಸಿದ ಪ್ರಶ್ನೆಗಳನ್ನು ಅವನ ಮೇಲೂ ಹಾಕುವ ಹಕ್ಕು ಓದುಗನಿಗಿದೆ.

ಹೆರಾಸ್ ಕೋಣೆಯಲ್ಲಿ ಕೂತು ಬರೆದ ವಿದ್ವಾಂಸರಲ್ಲ. 1929ರಲ್ಲಿ ಗೋವೆಯ ಚಾಂದೋರಿನಲ್ಲಿ ಅವರು ಉತ್ಖನನ ನಡೆಸಿದರು. ಅದು ಹಳೆಯ ಚಂದ್ರಪುರ, ಗೋವೆಯ ಕದಂಬರ ಆದಿ ರಾಜಧಾನಿ. ಅಲ್ಲಿ ಶಿವಾಲಯವೊಂದರ ತಳಪಾಯ, ರುಂಡವಿಲ್ಲದ ನಂದಿ ಕಂಡವು. ಅವರ ಶಿಷ್ಯ ಜಾರ್ಜ್ ಮೊರಾಯಿಸ್ ಬನವಾಸಿಯ ಕದಂಬರಿಂದ ಹಿಡಿದು ಹಾನಗಲ್ಲು, ಗೋವೆಯ ಶಾಖೆಗಳವರೆಗೆ ಬರೆದ ‘ಕದಂಬ ಕುಲ’ 1931ರಲ್ಲಿ ಹೊರಬಂತು. ವಿಲಿಯಂ ಕೊಯೆಲೊ ಅವರ ‘ಹೊಯ್ಸಳ ವಂಶ’ವನ್ನು 1950ರಲ್ಲಿ ಹೆರಾಸ್ ಸಂಸ್ಥೆಯೇ ಪ್ರಕಟಿಸಿತು. ಕನ್ನಡ ನಾಡಿನ ಎರಡು ರಾಜವಂಶಗಳ ಇತಿಹಾಸ ಹೀಗೆ ಮುಂಬಯಿಯ ಈ ಬಳಗದ ಕೈಯಲ್ಲಿ ಪುಸ್ತಕವಾಯಿತು. ಯುರೋಪಿನ ಬಣ್ಣ ಬಿಟ್ಟು ಭಾರತೀಯ ರೀತಿಯಲ್ಲಿ ಕ್ರೈಸ್ತ ಚಿತ್ರಗಳನ್ನು ಬರೆದ ಗೋವೆಯ ಕಲಾವಿದ ಆಂಜೆಲೊ ಡ ಫೊನ್ಸೆಕಾ ಅವರ ಬೆನ್ನ ಹಿಂದೆಯೂ ಹೆರಾಸ್ ಇದ್ದರು.

ಅವರ ಬದುಕಿನ ಕೊನೆಯ ಎರಡು ದಶಕಗಳನ್ನು ನುಂಗಿದ್ದು ಮೊಹೆಂಜೊದಾರೊ. ಸಿಂಧೂ ಕಣಿವೆಯ ಮುದ್ರೆಗಳ ಮೇಲಿನ ಚಿತ್ರಲಿಪಿಯ ಭಾಷೆ ದ್ರಾವಿಡ ಎಂದು ಅವರು ನಂಬಿದರು. ಮೀನಿನ ಚಿತ್ರವನ್ನು ಅವರು ಓದಿದ ರೀತಿ ಪ್ರಸಿದ್ಧ. ದ್ರಾವಿಡ ಭಾಷೆಗಳಲ್ಲಿ ಮೀನ್ ಎಂದರೆ ನೀರಿನ ಮೀನು. ತಮಿಳಿನಲ್ಲಿ ನಕ್ಷತ್ರವನ್ನೂ ಮೀನ್ ಎನ್ನುತ್ತಾರೆ. ಕನ್ನಡದ ಮಿನುಗು, ಮಿಂಚು ಇದರ ಬಂಧುಗಳು. ಹಾಗಾದರೆ ಮುದ್ರೆಯ ಮೀನು ನಕ್ಷತ್ರವೇಕಾಗಬಾರದು? ಆರು ಗೆರೆ ಮತ್ತು ಮೀನು ಸೇರಿದರೆ ಕೃತ್ತಿಕೆ, ಏಳು ಗೆರೆ ಸೇರಿದರೆ ಸಪ್ತರ್ಷಿಮಂಡಲ. ಫಿನ್ಲೆಂಡಿನ ಆಸ್ಕೊ ಪಾರ್ಪೊಲ ಮುಂದೆ ಈ ಎಳೆಯನ್ನು ಹಿಡಿದು ನಡೆದರು.

ಆದರೆ ಹೆರಾಸ್ ಅಲ್ಲಿಗೆ ನಿಲ್ಲಲಿಲ್ಲ. ನೂರಾರು ಮುದ್ರೆಗಳನ್ನು ವಾಕ್ಯ ವಾಕ್ಯವಾಗಿ ಓದಿದರು. ಅವುಗಳಲ್ಲಿ ಕನ್ನಡಿಗರ ಪೂರ್ವಜರ ಹೆಸರನ್ನೂ ಕಂಡರು. ಸಿಂಧೂ ಕಣಿವೆಯಿಂದ ಮೆಡಿಟರೇನಿಯನ್ ತೀರದವರೆಗೆ, ತಾವು ಹುಟ್ಟಿದ ಸ್ಪೇನಿನವರೆಗೆ, ಒಂದೇ ಜನಾಂಗ ಹರಡಿತ್ತು ಎಂಬ ದೊಡ್ಡ ಸಿದ್ಧಾಂತ ಕಟ್ಟಿದರು. 1953ರಲ್ಲಿ ಅದರ ಬೃಹತ್ ಸಂಪುಟ ಹೊರಬಂತು. ವಿದ್ವತ್ ಲೋಕ ಆ ಓದುಗಳನ್ನು ಒಪ್ಪಲಿಲ್ಲ. ಕಾರಣ ಸರಳ. ಒಂದು ಚಿಹ್ನೆಗೆ ಕೊಟ್ಟ ಅರ್ಥ ಸರಿಯೆಂದು ಪರೀಕ್ಷಿಸಲು ಹೊರಗಿನ ಆಧಾರವೇ ಇರಲಿಲ್ಲ. ಈಜಿಪ್ಟಿನ ಲಿಪಿಗೆ ಸಿಕ್ಕಂತೆ ಎರಡು ಭಾಷೆಯ ಶಾಸನ ಸಿಂಧೂ ಲಿಪಿಗೆ ಸಿಕ್ಕಿಲ್ಲ. ಮುದ್ರೆಗಳ ಬರಹಗಳೂ ತೀರ ಚಿಕ್ಕವು, ಸರಾಸರಿ ಐದು ಚಿಹ್ನೆಗಳಷ್ಟು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಇದನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತೆಂದರೆ ಗಂಟು ಎಷ್ಟು ಬಿಗಿ ಎಂದು ತಿಳಿಯಬಹುದು.

ತಾಮ್ರಶಾಸನಕ್ಕೆ ಆಧಾರ ಕೇಳಿದ ಮನುಷ್ಯ ತಮ್ಮ ಓದಿಗೆ ಅದೇ ಆಧಾರವನ್ನು ಕೇಳಿಕೊಳ್ಳಲಿಲ್ಲ ಎಂಬುದು ಹೆರಾಸ್ ಬದುಕಿನ ವಿಷಾದದ ಪುಟ. ಆದರೂ ಇದನ್ನು ವ್ಯರ್ಥ ಎನ್ನಲಾಗದು. ಇರಾವತಂ ಮಹಾದೇವನ್, ಪಾರ್ಪೊಲರಂಥವರು ಹೆರಾಸ್ ಕಟ್ಟಡದ ಬಹುಭಾಗವನ್ನು ಬಿಟ್ಟರು, ಆದರೆ ಮೀನಿನ ಕಲ್ಲೊಂದನ್ನು ಕೃತಜ್ಞತೆಯಿಂದ ಎತ್ತಿಕೊಂಡರು. ವಿದ್ಯೆಯಲ್ಲಿ ಹೀಗೆಯೇ ನಡೆಯುತ್ತದೆ.

1955ರ ಡಿಸೆಂಬರ್ 14ರಂದು ಹೆರಾಸ್ ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಅರವತ್ತೇಳು. ಬಂದ ದೇಶದಲ್ಲೇ ಮೂವತ್ತಮೂರು ವರ್ಷ ದುಡಿದಿದ್ದರು. ಅವರು ಕಟ್ಟಿದ ಸಂಸ್ಥೆಗೆ ಅವರದೇ ಹೆಸರಾಯಿತು. ಅವರು ಕೂಡಿಸಿದ ನಾಣ್ಯ, ಶಿಲ್ಪ, ಪುಸ್ತಕಗಳು ಝೇವಿಯರ್ಸ್ ಕಾಲೇಜಿನ ಆವರಣದಲ್ಲಿವೆ. ಜೆಸ್ವಿಟ್ ಪತ್ರಗಳ ಕೆಲಸವನ್ನು ಜಾನ್ ಕೊರೆಯಾ-ಅಫೊನ್ಸೊ ಮುಂದುವರಿಸಿದರು.

ಮುಂದೆ ನೀವು ಹಂಪಿಗೆ ಹೋದಾಗ ಯಾರಾದರೂ ಮೊಲದ ಕಥೆ ಹೇಳಿಯೇ ಹೇಳುತ್ತಾರೆ. ಸಂತೋಷವಾಗಿ ಕೇಳಿ, ಅದು ಒಳ್ಳೆಯ ಕಥೆ. ಕೇಳಿದ ಮೇಲೆ ಇದನ್ನು ಮೊದಲು ಬರೆದವರು ಯಾರು, ಯಾವಾಗ ಎಂದೂ ವಿಚಾರಿಸಿ. ಮಕ್ಕಳು ಜೊತೆಗಿದ್ದರೆ ಅವರಿಗೂ ಆ ಪ್ರಶ್ನೆ ಕಲಿಸಿ. ಹಾಗೆಯೇ ಪೆನುಕೊಂಡೆಯ ಬೆಟ್ಟ, ಚಂದ್ರಗಿರಿಯ ಅರಮನೆಗಳಿಗೂ ಒಮ್ಮೆ ಹೋಗಿ ಬನ್ನಿ. 1565ರಲ್ಲಿ ಮುಗಿಯಿತೆಂದು ನಮಗೆ ಕಲಿಸಿದ ವಿಜಯನಗರ ಅಲ್ಲಿ ಇನ್ನೂ ಹಲವು ದಶಕ ಬದುಕಿತ್ತು.